ಯುಟಿಪಿ, ಶೀಲ್ಡೆಡ್, ಫೈಬರ್: ಡ್ರೈವ್‌ಗಳ ಪಕ್ಕ ಮೂರನ್ನೂ ಎಳೆದು ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಆಯ್ಕೆ ಶೀಲ್ಡೆಡ್ ಕೇಬಲ್, ಅಂದರೆ ತಂತಿಗಳ ಸುತ್ತ ಲೋಹದ ಹೊದಿಕೆ (ಶೀಲ್ಡ್) ಇರುವ ನೆಟ್‌ವರ್ಕ್ ಕೇಬಲ್. ಅದೂ ಮೊದಲ ಎರಡು ವಾರ ಸರಿಯಾಗಿ ಕೆಲಸ ಮಾಡಲಿಲ್ಲ. ತಪ್ಪು ಕೇಬಲ್‌ನದ್ದಾಗಿರಲಿಲ್ಲ, ಅಷ್ಟೇ.

ಪಿಎಲ್‌ಸಿ (ಯಂತ್ರಗಳನ್ನು ನಡೆಸುವ ಕಂಟ್ರೋಲರ್) ಪ್ಯಾನೆಲ್‌ನಿಂದ ಕನ್ವೇಯರ್ ತುದಿಯ ರಿಮೋಟ್ ಐಒ ಬಾಕ್ಸ್‌ವರೆಗೆ (ಸೆನ್ಸರ್, ಸ್ವಿಚ್‌ಗಳ ತಂತಿ ಬಂದು ಸೇರುವ ಪೆಟ್ಟಿಗೆ) ಸುಮಾರು 60 ಮೀಟರ್ ಈಥರ್ನೆಟ್ ಲೈನ್ ಬೇಕಿತ್ತು. ದಾರಿಯಲ್ಲಿ ಮೋಟಾರ್ ವೇಗ ಹತೋಟಿ ಮಾಡುವ ನಾಲ್ಕು ವಿಎಫ್‌ಡಿ ಡ್ರೈವ್‌ಗಳು. ಅವುಗಳ ಮೋಟಾರ್ ಕೇಬಲ್ ಇರುವ ಟ್ರೇಯಲ್ಲೇ ಮಾಮೂಲಿ ಕ್ಯಾಟ್ 6 ಯುಟಿಪಿ (ಶೀಲ್ಡ್ ಇಲ್ಲದ, ಹೊಸೆದ ಜೋಡಿ ತಂತಿಗಳ ಕೇಬಲ್) ಎಳೆದೆ. ಮೋಟಾರ್ ಶುರುವಾದ ಕೂಡಲೇ ನೆಟ್‌ವರ್ಕ್ ಸ್ವಿಚ್‌ನಲ್ಲಿ ಸಿಆರ್‌ಸಿ ಎರರ್ (ದಾರಿಯಲ್ಲಿ ಕೆಟ್ಟು ಬಂದ ಡೇಟಾದ ಲೆಕ್ಕ) ಏರುತ್ತಿತ್ತು. ಮೋಟಾರ್ ನಿಲ್ಲಿಸಿದರೆ ಎಲ್ಲಾ ಸರಿ. ಡ್ರೈವ್ ಒಳಗಿನ ಐಜಿಬಿಟಿಗಳು (ಎಲೆಕ್ಟ್ರಾನಿಕ್ ಸ್ವಿಚ್‌ಗಳು) ಸೆಕೆಂಡಿಗೆ ಸಾವಿರಾರು ಸಲ ವೋಲ್ಟೇಜನ್ನು ಆನ್-ಆಫ್ ಮಾಡುತ್ತವೆ. ಆ ದಿಢೀರ್ ಏರಿಳಿತವೇ ಪಕ್ಕದ ತಂತಿಗೆ ನುಗ್ಗುವುದು. ಜೋಡಿ ತಂತಿಗಳನ್ನು ಹೊಸೆದಿರುವುದರಿಂದ ಒಂದಷ್ಟು ತಡೆಯುತ್ತದೆ. ಇಷ್ಟು ಹತ್ತಿರ ಇದ್ದರೆ ಅದು ಸಾಲದು. ಬೇರೆ ಟ್ರೇಗೆ ಹಾಕಿ 20 ಸೆಂ.ಮೀ. ದೂರ ಇಟ್ಟೆ, ಪವರ್ ಕೇಬಲ್ ದಾಟುವ ಕಡೆ ನೇರ ಅಡ್ಡಕ್ಕೆ ದಾಟಿಸಿದೆ. ಎರರ್ ತುಂಬಾ ಕಡಿಮೆಯಾಯಿತು, ಆದರೆ ಪೂರ್ತಿ ಹೋಗಲಿಲ್ಲ.

ಆಮೇಲೆ ಎಸ್/ಎಫ್‌ಟಿಪಿ ತಂದೆ. ಪ್ರತಿ ಜೋಡಿಗೂ ಫಾಯಿಲ್, ಅದರ ಮೇಲೆ ಹೆಣೆದ ಜಾಲರಿ. ಎಳೆದು ಸ್ವಿಚ್ ನೋಡಿದರೆ ಎರರ್ ಇನ್ನೂ ಬರುತ್ತಿದೆ! ಕೇಬಲ್ ವಾಪಸ್ ಕೊಡೋಣ ಅಂತಲೇ ಇದ್ದೆ.

ಪ್ಯಾನೆಲ್ ತೆಗೆದು ನೋಡಿದಾಗ ಗೊತ್ತಾಯಿತು. ಜಾಲರಿಯನ್ನು ಜಡೆಯ ಹಾಗೆ ತಿರುಚಿ, ಸುಮಾರು 10 ಸೆಂ.ಮೀ. ಬಾಲ ಮಾಡಿ ಅರ್ಥ್ ಬಾರ್‌ಗೆ ಕೊಟ್ಟಿದ್ದೆ. ಮಲ್ಟಿಮೀಟರ್ ಇಟ್ಟರೆ ಸೊನ್ನೆ ಓಮ್ ತೋರಿಸುತ್ತದೆ, ಹಾಗಾಗಿ ಸರಿ ಇದೆ ಅನ್ನಿಸುತ್ತದೆ. ಆದರೆ ಅಂಥ ಬಾಲಕ್ಕೆ ಮಿಲಿಮೀಟರಿಗೆ ಹತ್ತಿರ ಹತ್ತಿರ 1 ನ್ಯಾನೋಹೆನ್ರಿ ಇಂಡಕ್ಟೆನ್ಸ್ (ಕರೆಂಟಿನ ವೇಗದ ಏರಿಳಿತವನ್ನು ತಡೆಯುವ ಗುಣ) ಇರುತ್ತದೆ. 30 ಮೆಗಾಹರ್ಟ್ಸ್‌ನಲ್ಲಿ ಅದು ಸುಮಾರು 19 ಓಮ್ ತಡೆ. ಡ್ರೈವ್‌ನಿಂದ ನುಗ್ಗಿದ ಗಲಾಟೆ (ವಿದ್ಯುತ್ ನಾಯ್ಸ್) ಅರ್ಥ್‌ಗೆ ಇಳಿಯುವುದು ಹೇಗೆ? ಇನ್ನೊಂದು ತುದಿಯಲ್ಲಿ ಹಾಕಿದ್ದು ಪ್ಲಾಸ್ಟಿಕ್ ಪ್ಲಗ್, ಅಲ್ಲಿ ಶೀಲ್ಡ್ ಯಾವುದಕ್ಕೂ ಸೇರಿರಲೇ ಇಲ್ಲ.

ಬಾಲ ಕತ್ತರಿಸಿದೆ. ಪ್ಯಾನೆಲ್ ಒಳಗೆ ಬರುವ ಜಾಗದಲ್ಲೇ ಮೇಲಿನ ಜಾಕೆಟ್ ಸುಲಿದು, ಜಾಲರಿಯನ್ನು ಸುತ್ತಲೂ ಅಪ್ಪಿ ಹಿಡಿಯುವ ಕ್ಲ್ಯಾಂಪ್ ಹಾಕಿದೆ. ಪ್ಲೇಟಿಗೆ ಬಣ್ಣ ಬಳಿದಿತ್ತು, ಬಣ್ಣದ ಮೇಲೆ ಕ್ಲ್ಯಾಂಪ್ ಕೂರಿಸಿ ಪ್ರಯೋಜನವಿಲ್ಲ. ಲೋಹ ಹೊಳೆಯುವವರೆಗೆ ಕೆರೆದೆ. ಎರಡೂ ತುದಿಗೆ ಲೋಹದ ಕವಚದ ಪ್ಲಗ್ ಹಾಕಿದೆ.

ಶೀಲ್ಡನ್ನು ಒಂದೇ ಕಡೆ ಅರ್ಥ್ ಮಾಡಬೇಕು ಅಂತ ತುಂಬಾ ಜನ ಹೇಳುತ್ತಾರೆ. ನಿಧಾನವಾದ ಅನಲಾಗ್ ಸಿಗ್ನಲ್‌ಗೆ ಆ ಮಾತು ನಡೆಯುತ್ತದೆ. ಈಥರ್ನೆಟ್‌ನ ವೇಗಕ್ಕೆ ಎರಡೂ ಕಡೆ ಬೇಕು. ಎರಡು ಪ್ಯಾನೆಲ್‌ಗಳ ಅರ್ಥ್ ನಡುವೆ ವೋಲ್ಟೇಜ್ ವ್ಯತ್ಯಾಸ ಇದ್ದರೆ ಶೀಲ್ಡಿನಲ್ಲಿ ಕರೆಂಟ್ ಹರಿಯುತ್ತದೆ, ಅದು ನಿಜ. ಅದಕ್ಕೆ ಪ್ಯಾನೆಲ್‌ನಿಂದ ಪ್ಯಾನೆಲ್‌ಗೆ ಎರಡೂ ಅರ್ಥ್‌ಗಳನ್ನು ಜೋಡಿಸುವ ದಪ್ಪ ಬಾಂಡಿಂಗ್ ತಂತಿ ಎಳೆದೆ, ಟ್ರೇಯ ಜಾಯಿಂಟ್‌ಗಳನ್ನೂ ಸೇರಿಸಿದೆ. ಅಂದಿನಿಂದ ಎರರ್ ಕೌಂಟರ್ ಸೊನ್ನೆಯಲ್ಲೇ ನಿಂತಿದೆ. ಅದನ್ನು ನೋಡಿದಾಗ ಆದ ಖುಷಿ ಹೇಳಲಾರೆ.

ಗಾಜಿನ ಎಳೆಯಲ್ಲಿ ಬೆಳಕು ಕಳಿಸುವ ಫೈಬರ್ ಕೂಡ ಅದೇ ದಾರಿಯಲ್ಲಿ ಹಾಕಿ ನೋಡಿದೆ. ಡ್ರೈವ್‌ನ ಗಲಾಟೆ ಅದಕ್ಕೆ ತಟ್ಟುವುದೇ ಇಲ್ಲ, ಅರ್ಥಿಂಗ್ ತಲೆನೋವೂ ಇಲ್ಲ. ಆದರೆ ಎರಡೂ ತುದಿಗೆ ಬೆಳಕು-ವಿದ್ಯುತ್ ಸಿಗ್ನಲ್ ಬದಲಿಸುವ ಕನ್ವರ್ಟರ್, ಅದಕ್ಕೆ ಬೇರೆ 24 ವೋಲ್ಟ್ ಸಪ್ಲೈ. ಕೆಡಬಹುದಾದ ಸಾಮಾನು ಜಾಸ್ತಿ ಆಯಿತಲ್ವಾ? 100 ಮೀಟರ್ ದಾಟಿದರೆ ಅಥವಾ ಕಟ್ಟಡದಿಂದ ಕಟ್ಟಡಕ್ಕೆ ಹೋಗಬೇಕಾದರೆ ಮಾತ್ರ ಯೋಚಿಸದೆ ಫೈಬರ್ ಹಾಕಿ.

ರಾತ್ರಿ ಪಾಳಿಯಲ್ಲಿ ಕೇಬಲ್ ತುಂಡಾದರೆ ಸರಿಮಾಡುವವನು ನಾನೇ. ಪ್ಲಗ್ ಕೂರಿಸುವ ಕ್ರಿಂಪಿಂಗ್ ಟೂಲ್ ಸದಾ ನನ್ನ ಬ್ಯಾಗಿನಲ್ಲಿರುತ್ತದೆ, ತುಂಡಾದ ಫೈಬರ್ ಬೆಸೆಯುವ ಸ್ಪ್ಲೈಸಿಂಗ್ ಮೆಷಿನ್ ಕೊಳ್ಳುವಷ್ಟು ಬಜೆಟ್ ನಮಗಿಲ್ಲ. ಎರಡನೇ ಕನ್ವೇಯರ್‌ಗೂ ಶೀಲ್ಡೆಡ್ ಕೇಬಲನ್ನೇ ಎಳೆಯುತ್ತಿದ್ದೇನೆ. ಪ್ಲೇಟಿನ ಬಣ್ಣ ಆಗಲೇ ಕೆರೆದಿಟ್ಟಿದ್ದೇನೆ.