ಕೆಳಗೊಂದು ಗೀಟು, ಜೆಡ್, ಎನ್: ಸಿ++ಫಿಲ್ಟ್ ಜೊತೆ ಒಂದು ಮಳೆಗಾಲ

ಕಕ್ಕಡದ ಮಳೆ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳಿನ ಮಳೆ. ಸುಂಟಿಕೊಪ್ಪದ ಹತ್ತಿರದ ನಮ್ಮ ಮನೆಗೆ ಎರಡು ದಿನದಿಂದ ಕರೆಂಟ್ ಇಲ್ಲ. ಲೈನಿನ ಮೇಲೆ ಸಿಲ್ವರ್ ಓಕ್ ಬಿದ್ದಿತ್ತು. ಇನ್ವರ್ಟರ್ ದಯದಿಂದ ಲ್ಯಾಪ್‌ಟಾಪ್ ನಡೆಯುತ್ತಿತ್ತು, ನೆಟ್ ಮಾತ್ರ ಪೂರ್ತಿ ಸತ್ತಿತ್ತು. ಮೊಬೈಲನ್ನು ಅಡುಗೆಮನೆ ಕಿಟಕಿಯಲ್ಲಿಟ್ಟರೆ ಕಾಲ್ ಬರುತ್ತದೆ, ಅಷ್ಟೇ. ಆ ಹೊತ್ತಿಗೇ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಹುಡುಗ ಫೋನ್ ಮಾಡಿದ.

"ಅಕ್ಕಾ, ಪ್ರೋಗ್ರಾಂ ನಿಂತೋಯ್ತು. ಸ್ಕ್ರೀನಲ್ಲಿ ಏನೇನೋ ಮಂತ್ರ ಬಂದಿದೆ."

ಆ ಪ್ರೋಗ್ರಾಂ ನಾನು ಬರೆದದ್ದು. ಔಟ್‌ಟರ್ನ್ ಲೆಕ್ಕ ಹಾಕುತ್ತದೆ. ಹೊರಗಿನವರಿಗಾಗಿ ಹೇಳಿಬಿಡುತ್ತೇನೆ: ಬೆಳೆಗಾರ ತಂದ ಚೆರಿಯಿಂದ (ಸಿಪ್ಪೆ ಇರುವ ಕಾಫಿ ಕಾಯಿ) ಸ್ವಲ್ಪ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ಎಷ್ಟು ಬೀಜ ಸಿಕ್ಕಿತು ಎಂದು ತೂಗಿ ನೋಡುತ್ತಾರೆ. 50 ಕೆಜಿ ಮೂಟೆಗೆ ಕೈಗೆ ಬರುವ ದುಡ್ಡು ಆ ಲೆಕ್ಕದ ಮೇಲೆ ನಿಂತಿದೆ. ಬೆಲೆ ಏರಲಿ ಎಂದು ಮಳೆಗಾಲದ ತನಕ ಮೂಟೆ ಇಟ್ಟುಕೊಂಡವರು ಅವತ್ತು ಸಾಲಾಗಿ ಜೀಪಿನಲ್ಲಿ ಕಾಯುತ್ತಿದ್ದರಂತೆ. ನನ್ನ ಪ್ರೋಗ್ರಾಂ ಅವರ ಮುಂದೆಯೇ ಸತ್ತಿತ್ತು.

ಈ ಬರಹ ನನ್ನ ಪ್ರೋಗ್ರಾಂ ಬಗ್ಗೆ ಅಲ್ಲ, ಅವತ್ತು ಕೈಹಿಡಿದ ಸಿ++ಫಿಲ್ಟ್ ಎಂಬ ಪುಟ್ಟ ಟೂಲಿನ ಬಗ್ಗೆ. ಸಿ++ ಭಾಷೆಯ ಕಂಪೈಲರ್, ಅಂದರೆ ನಾವು ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂ, ತಿರುಚಿಟ್ಟ ಹೆಸರುಗಳನ್ನು ಇದು ಬಿಡಿಸಿ ತೋರಿಸುತ್ತದೆ. ದುಡ್ಡು ಕೊಡಬೇಕಾಗಿಲ್ಲ. ಗ್ನೂ ಬಿನ್‌ಯುಟಿಲ್ಸ್ ಎಂಬ ಟೂಲುಗಳ ಕಟ್ಟಿನ ಜೊತೆಗೇ ಬರುತ್ತದೆ. ಲಿನಕ್ಸ್‌ನಲ್ಲಿ ಸಿ++ ಕಂಪೈಲರ್ ಹಾಕಿಕೊಂಡಿದ್ದರೆ ಇದು ನಿಮ್ಮ ಹತ್ತಿರ ಈಗಲೇ ಇರುತ್ತದೆ, ನೀವು ಒಂದು ಸಲವೂ ಕರೆದಿಲ್ಲ ಅಷ್ಟೇ.

ಪ್ರೋಗ್ರಾಂ ಬಿದ್ದರೆ, ಸಾಯುವ ಮುಂಚೆ ಯಾವ ಫಂಕ್ಷನ್‌ನಲ್ಲಿ (ಕೋಡಿನ ಹೆಸರಿಟ್ಟ ತುಣುಕು) ಇತ್ತು ಎಂದು ಸ್ಕ್ರೀನಿನಲ್ಲಿ ಬರೆದು ಸಾಯುವ ಹಾಗೆ ಮಾಡಿದ್ದೆ. ತೊಂದರೆ ಏನೆಂದರೆ, ಅಲ್ಲಿ ಬರುವುದು ನಾನು ಇಟ್ಟ ಹೆಸರಲ್ಲ, ಕಂಪೈಲರ್ ತಿರುಚಿದ ಹೆಸರು. ಫೋಟೋ ಕಳಿಸು ಎನ್ನುವ ಹಾಗೂ ಇಲ್ಲ. ಒಂದೊಂದೇ ಅಕ್ಷರ ಓದು ಎಂದೆ.

"ಕೆಳಗೊಂದು ಗೀಟು. ಜೆಡ್. ಎನ್. ಆರು. ಎಸ್ ಎ ಎಂ ಪಿ ಎಲ್ ಇ. ಏಳು. ಓ ಯು ಟಿ ಯು ಆರ್ ಎನ್. ಇ. ಐ."

ಟೈಪ್ ಮಾಡಿ ಸಿ++ಫಿಲ್ಟ್‌ಗೆ ಕೊಟ್ಟೆ. ಕೊಟ್ಟದ್ದನ್ನೇ ಹಾಗೇ ವಾಪಸ್ ಕೊಟ್ಟಿತು. ಈ ಟೂಲಿನ ಮೇಲೆ ನನಗಿರುವ ದೊಡ್ಡ ದೂರು ಇದೇ. ಬಿಡಿಸಲು ಆಗದಿದ್ದರೆ ಬೈಯುವುದಿಲ್ಲ, ಎರರ್ ಕೊಡುವುದಿಲ್ಲ, ಸುಮ್ನೆ ಅದೇ ಸಾಲನ್ನು ಮುಂದಕ್ಕೆ ತಳ್ಳುತ್ತದೆ. ಫಿಲ್ಟರ್ ಅಂದ ಮೇಲೆ ಹಾಗಿರಬೇಕು, ಒಪ್ಪುತ್ತೇನೆ. ದೊಡ್ಡ ಲಾಗ್ ಫೈಲನ್ನು ಅದರೊಳಗೆ ಹರಿಸಿದಾಗ ಗೊತ್ತಿಲ್ಲದ ಪದಕ್ಕೆಲ್ಲ ಕಿರುಚುತ್ತಾ ಕೂತರೆ ಯಾರಿಗೂ ಬೇಡ. ಆದರೆ ಒಂದೇ ಒಂದು ಹೆಸರು ಕೊಟ್ಟು ಕಾಯುತ್ತಿರುವಾಗ ಈ ಮೌನ ಸಿಟ್ಟು ಬರಿಸುತ್ತದೆ. ತಪ್ಪು ಹುಡುಕಲು ಬಳಸುವ ಜಿಡಿಬಿ ಡಿಬಗ್ಗರ್ ಒಳಗಿನ ಡಿಮ್ಯಾಂಗಲ್ ಕಮಾಂಡ್ ಇದರಲ್ಲಿ ವಾಸಿ, ಬಿಡಿಸಲು ಆಗಲಿಲ್ಲ ಎಂದು ಬಾಯಿಬಿಟ್ಟು ಹೇಳುತ್ತದೆ.

ಕೊನೆಗೆ ನಾನೇ ಬೆರಳು ಮಡಚಿ ಎಣಿಸಿದೆ. ಈ ಹೆಸರುಗಳ ಚಂದ ಇರುವುದು ಇಲ್ಲಿ. ಪ್ರತಿ ಹೆಸರಿನ ಮುಂದೆ ಅದರಲ್ಲಿ ಎಷ್ಟು ಅಕ್ಷರ ಇದೆ ಎಂಬ ಸಂಖ್ಯೆ ಇರುತ್ತದೆ. ಏಳು ಎಂದು ಹೇಳಿ ಹುಡುಗ ಆರೇ ಓದಿದ್ದ.

"ಏಳು ಅಂದ್ಯಲ್ಲ ತಮ್ಮಾ, ಆರೇ ಬಂತು. ಟಿ ಎರಡು ಇದ್ಯಾ ನೋಡು."

"ಹೌದಕ್ಕಾ, ಎರಡಿದೆ!"

ಆ ಒಂದು ಟಿ ಬಿಟ್ಟುಹೋದದ್ದಕ್ಕೆ ಟೂಲು ಏಳನೆಯ ಅಕ್ಷರ ಎಂದು ಮುಂದಿನ ಇ ಅನ್ನೇ ನುಂಗಿತ್ತು. ಹೆಸರು ಮುಗಿಯಿತು ಎಂದು ಹೇಳಬೇಕಾದ ಅಕ್ಷರ ಅದು. ಅದೇ ಇಲ್ಲದ ಮೇಲೆ ಏನು ಬಿಡಿಸುವುದು? ಟಿ ಸೇರಿಸಿ ಮತ್ತೆ ಕೊಟ್ಟೆ. ಸ್ಯಾಂಪಲ್ ಕ್ಲಾಸ್, ಔಟ್‌ಟರ್ನ್ ಫಂಕ್ಷನ್, ಬ್ರಾಕೆಟ್‌ನಲ್ಲಿ ಇಂಟ್ ಎಂದು ಥಟ್ಟನೆ ಬಂತು.

ಆ ಇಂಟ್ ನೋಡಿದ ಕೂಡಲೇ ತಪ್ಪು ಎಲ್ಲಿದೆ ಎಂದು ಗೊತ್ತಾಯಿತು. ನನ್ನಲ್ಲಿ ಔಟ್‌ಟರ್ನ್ ಹೆಸರಿನ ಫಂಕ್ಷನ್ ಎರಡಿವೆ. ಹಳೆಯದು ಗ್ರಾಂ ಲೆಕ್ಕದ್ದು, ಇಂಟ್, ಅಂದರೆ ಪೂರ್ಣ ಸಂಖ್ಯೆ ತೆಗೆದುಕೊಳ್ಳುತ್ತದೆ. ಹೊಸದು ಕೆಜಿ ಲೆಕ್ಕದ್ದು, ಡಬಲ್, ಅಂದರೆ ದಶಮಾಂಶ ಸಂಖ್ಯೆ ತೆಗೆದುಕೊಳ್ಳುತ್ತದೆ. ಹೊಸದಕ್ಕೆ ಹೋಗಿದ್ದರೆ ಕೊನೆಯ ಅಕ್ಷರ ಡಿ ಇರಬೇಕಿತ್ತು, ಬಂದದ್ದು ಐ. ಮುಕ್ಕಾಲು ಕೆಜಿ ಸ್ಯಾಂಪಲ್‌ನ ತೂಕವನ್ನು ನಾನು ಎಲ್ಲೋ ಇಂಟ್ ವೇರಿಯಬಲ್‌ಗೆ ಹಾಕಿದ್ದೆ. 0.75 ಸೊನ್ನೆಯಾಯಿತು, ಸೊನ್ನೆಯಿಂದ ಭಾಗಿಸಿದ್ದಾಯಿತು, ಕಥೆ ಮುಗಿಯಿತು. ಇಂಥದ್ದಕ್ಕೆ ನಾನು ಬಳಸುವ ಜಿಸಿಸಿ ಕಂಪೈಲರ್ ತಾನಾಗಿ ಎಚ್ಚರಿಸುವುದಿಲ್ಲ. ಎಲ್ಲ ವಾರ್ನಿಂಗ್ ಬೇಕು ಎನ್ನುವ 'ವಾಲ್' ಎಂಬ ಸ್ವಿಚ್ ಹಾಕಿದರೂ ಇಲ್ಲ, ಕನ್ವರ್ಶನ್ ಎಂಬ ವಾರ್ನಿಂಗನ್ನು ಬೇರೆ ಕೇಳಿಕೊಳ್ಳಬೇಕು. 'ಎಲ್ಲ' ಎಂದರೆ ಎಲ್ಲ ಅಲ್ಲ, ಅದು ಬೇರೆಯೇ ಜಗಳ.

ಹೆಸರನ್ನು ಹೀಗೆ ತಿರುಚುವುದಾದರೂ ಯಾಕೆ ಎಂದು ಹುಡುಗ ಆಮೇಲೆ ಕೇಳಿದ. ಕೊಡಗಿನವನಿಗೆ ಇದನ್ನು ಹೇಳುವುದು ಸುಲಭ. ಒಂದೇ ಊರಲ್ಲಿ ನಾಲ್ಕು ತಿಮ್ಮಯ್ಯ ಇರುತ್ತಾರೆ. ಬರೀ ತಿಮ್ಮಯ್ಯ ಎಂದರೆ ಯಾರು? ಅದಕ್ಕೇ ಮೊದಲು ಮನೆ ಹೆಸರು, ಆಮೇಲೆ ಅಪ್ಪನ ಹೆಸರು, ಕೊನೆಗೆ ಅವನ ಹೆಸರು. ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಎಂದರೆ ಜನರಲ್ ತಿಮ್ಮಯ್ಯನವರೇ, ಬೇರೆ ಯಾರೂ ಅಲ್ಲ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರೂ ಕೊಡಂದೇರ, ಆದರೆ ಮಾದಪ್ಪ ಕಾರ್ಯಪ್ಪ. ಕಂಪೈಲರ್ ಮಾಡುವುದೂ ಇದನ್ನೇ. ಸಿ++ನಲ್ಲಿ ಒಂದೇ ಹೆಸರಿನ ಫಂಕ್ಷನ್ ಎಷ್ಟು ಬೇಕಾದರೂ ಇರಬಹುದು, ತುಣುಕುಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವ ಲಿಂಕರ್‌ಗೆ ಮಾತ್ರ ಪ್ರತಿಯೊಂದಕ್ಕೂ ಬೇರೆ ಬೇರೆ ಹೆಸರು ಬೇಕು. ಹಾಗಾಗಿ ಮೊದಲು ನೇಮ್‌ಸ್ಪೇಸ್, ಆಮೇಲೆ ಕ್ಲಾಸ್, ಆಮೇಲೆ ಫಂಕ್ಷನ್, ಬಾಲಕ್ಕೆ ಅದು ತೆಗೆದುಕೊಳ್ಳುವ ಟೈಪ್‌ಗಳು. ಹಳೆಯ ಸಿ ಭಾಷೆಯಲ್ಲಿ ಒಂದು ಹೆಸರಿಗೆ ಒಂದೇ ಫಂಕ್ಷನ್, ಅಲ್ಲಿ ಈ ಗೋಜಿಲ್ಲ.

ಈ ಹೆಸರು ಕಟ್ಟುವ ನಿಯಮ ಬಂದದ್ದು ಇಂಟೆಲ್‌ನ ಇಟಾನಿಯಂ ಚಿಪ್‌ಗಾಗಿ ಮಾಡಿದ ಒಪ್ಪಂದದಿಂದ. ಜಿಸಿಸಿ 2001ರ 3.0 ಆವೃತ್ತಿಯಲ್ಲಿ ಅದನ್ನು ತೆಗೆದುಕೊಂಡಿತು. ಇಟಾನಿಯಂ ಚಿಪ್‌ನ ಕೊನೆಯ ಸಾಗಣೆ 2021ರಲ್ಲಿ ಆಯಿತು. ತೋಟ ಮಾರಿಹೋದರೂ ಮನೆ ಹೆಸರು ಉಳಿದ ಹಾಗೆ, ಅದರ ನಿಯಮ ನನ್ನ ಮಾಮೂಲಿ ಪಿಸಿಯಲ್ಲಿ ಇನ್ನೂ ನಡೆಯುತ್ತಿದೆ.

ಸಣ್ಣ ಹೆಸರಾದರೆ ಬರಿಗಣ್ಣಲ್ಲೇ ಓದಬಹುದು. ಐ ಇಂಟ್, ಡಿ ಡಬಲ್, ಸಿ ಕ್ಯಾರ್, ವಿ ಎಂದರೆ ಏನೂ ಇಲ್ಲ, ಪಿ ಪಾಯಿಂಟರ್, ಆರ್ ರೆಫರೆನ್ಸ್, ಕೆ ಕಾನ್‌ಸ್ಟ್. ಒಂದು ವಾರದಲ್ಲಿ ಬಾಯಿಗೆ ಬರುತ್ತದೆ. ಆದರೆ ಸ್ಟ್ರಿಂಗ್, ವೆಕ್ಟರ್ ಬಂದ ಮೇಲೆ ಕೈ ಮುಗಿಯಬೇಕು. ಒಮ್ಮೆ ಬಂದ ಟೈಪ್ ಮತ್ತೆ ಬಂದರೆ ಪೂರ್ತಿ ಬರೆಯದೆ ಎಸ್ ಅಂಡರ್‌ಸ್ಕೋರ್, ಎಸ್ 0 ಅಂಡರ್‌ಸ್ಕೋರ್ ಎಂದು ಗುರುತು ಹಾಕಿರುತ್ತದೆ. ಎಷ್ಟನೆಯದು ಯಾವುದು ಎಂದು ಎಣಿಸುವಷ್ಟರಲ್ಲಿ ಒಲೆಯ ಮೇಲಿನ ಅನ್ನ ಸೀದಿರುತ್ತದೆ. ಪ್ರೋಗ್ರಾಂ ಸಾಯುವಾಗ ಬರೆದ ಲಾಗ್‌ನ ನಾಲ್ಕನೇ ಸಾಲು ಅಂಥದ್ದೇ ಇತ್ತು. ಹುಡುಗ ಎರಡು ಸಲ ಉಸಿರು ತೆಗೆದುಕೊಂಡು ಶುರು ಮಾಡಿದ, ಬಿಡು ಮಾರಾಯ ಎಂದೆ. ಸಂಜೆ ಅವನು ಪೇಟೆಗೆ ಹೋಗಿ ವಾಟ್ಸಾಪ್‌ನಲ್ಲಿ ಇಡೀ ಫೈಲ್ ಕಳಿಸಿದ. ರಾತ್ರಿ ನಮ್ಮಲ್ಲಿ ನೆಟ್ ಬಂದಾಗ ಇಳಿಸಿಕೊಂಡು ಸಿ++ಫಿಲ್ಟ್ ಒಳಗೆ ಹರಿಸಿದೆ. ಅಕ್ಕಪಕ್ಕದ ಬ್ರಾಕೆಟ್, ಪ್ಲಸ್ ಗುರುತು, ಅಡ್ರೆಸ್ ಯಾವುದನ್ನೂ ಮುಟ್ಟದೆ ಹೆಸರುಗಳನ್ನು ಮಾತ್ರ ಬಿಡಿಸಿ ಕೊಟ್ಟಿತು. ಬಿಡಿಸಿದ ಮೇಲೂ ಸ್ಟ್ರಿಂಗ್ ಅನ್ನುವುದು ಒಂದೂವರೆ ಸಾಲು ಉದ್ದ! ಕಮಾಂಡ್ ಜೊತೆ ಮೈನಸ್ ಪಿ ಕೊಟ್ಟರೆ ಬ್ರಾಕೆಟ್ ಒಳಗಿನದನ್ನೆಲ್ಲ ಬಿಟ್ಟು ಫಂಕ್ಷನ್ ಹೆಸರಷ್ಟೇ ತೋರಿಸುತ್ತದೆ. ಮೊದಲ ಸುತ್ತು ಓದಲು ನನಗೆ ಅದೇ ಇಷ್ಟ. ಆದರೆ ಅವತ್ತು ಮಧ್ಯಾಹ್ನ ಮೈನಸ್ ಪಿ ಹಾಕಿದ್ದರೆ ಆ ಇಂಟ್ ಕಣ್ಣಿಗೇ ಬೀಳುತ್ತಿರಲಿಲ್ಲ.

ಬರೀ ಟೈಪ್ ಹೆಸರನ್ನು ಬಿಡಿಸಬೇಕಾದರೆ ಮೈನಸ್ ಟಿ ಬೇಕು. ಇಲ್ಲದಿದ್ದರೆ ಐ ಎಂದು ಕೊಟ್ಟರೆ ಐ ಎಂದೇ ಬರುತ್ತದೆ. ಯಾಕೆ ಹೀಗೆ ಎಂದು ನಾನೂ ಗೊಣಗಿದ್ದೆ, ಅದರ ಕೈಪಿಡಿಯಾದ ಮ್ಯಾನ್ ಪೇಜ್ ನೋಡಿದ ಮೇಲೆ ಸುಮ್ಮನಾದೆ. ಅದು ಸದಾ ಆನ್ ಇದ್ದರೆ, ಯಾರಾದರೂ ಫಂಕ್ಷನ್‌ಗೆ ಎ ಎಂದು ಹೆಸರಿಟ್ಟಿದ್ದರೆ ಅದನ್ನು ಸೈನ್ಡ್ ಕ್ಯಾರ್ ಎಂದು ಬಿಡಿಸಿಬಿಡುತ್ತದಂತೆ.

ಇನ್ನು ಜಿಡಿಬಿ. ಬ್ಯಾಕ್‌ಟ್ರೇಸ್‌ನಲ್ಲಿ, ಅಂದರೆ ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಪಟ್ಟಿಯಲ್ಲಿ, ಹೆಸರುಗಳನ್ನು ತಾನಾಗಿಯೇ ಬಿಡಿಸಿ ತೋರಿಸುತ್ತದೆ, ತಕರಾರಿಲ್ಲ. ಡಿಸ್‌ಅಸೆಂಬಲ್ ಕೊಟ್ಟು ಯಂತ್ರದ ಮಟ್ಟದ ಅಸೆಂಬ್ಲಿ ಕೋಡ್ ನೋಡಿ, ಫಂಕ್ಷನ್ ಕರೆಯುವ ಸಾಲಿನಲ್ಲೆಲ್ಲ ಮತ್ತೆ ಕೆಳಗೊಂದು ಗೀಟು, ಜೆಡ್, ಎನ್. ಅಸೆಂಬ್ಲಿಗೆ ಬೇರೆಯೇ ಸ್ವಿಚ್ ಇದೆ, ಪ್ರಿಂಟ್ ಎಎಸ್‌ಎಂ-ಡಿಮ್ಯಾಂಗಲ್ ಅಂತ. ಅದು ಮೊದಲಿಂದಲೇ ಆಫ್. ನನಗೆ ಇದು ಗೊತ್ತಾಗಲು ಮೂರು ವರ್ಷ ಬೇಕಾಯಿತು. ಅಲ್ಲಿಯವರೆಗೆ ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಕಾಪಿ ಮಾಡುತ್ತಾ ಕೂತಿದ್ದೆ. ಜಿಡಿಬಿ‌ಇನಿಟ್ ಫೈಲಿನಲ್ಲಿ ಒಂದು ಸಾಲು ಬರೆದು ಆನ್ ಮಾಡಿಟ್ಟುಬಿಡಿ.

ಇನ್ನೊಂದು ಕೊರತೆಗೆ ಮದ್ದಿಲ್ಲ. ಕಂಪೈಲರ್ ಒಂದೇ ಕನ್‌ಸ್ಟ್ರಕ್ಟರ್‌ಗೆ (ಆಬ್ಜೆಕ್ಟ್ ಹುಟ್ಟಿಸುವ ಫಂಕ್ಷನ್) ಸಿ1, ಸಿ2 ಎಂದು ಎರಡು ಹೆಸರು ಹುಟ್ಟಿಸುತ್ತದೆ. ಒಂದು ಪೂರ್ತಿ ಆಬ್ಜೆಕ್ಟ್ ಕಟ್ಟಲು, ಇನ್ನೊಂದು ಬೇಸ್ ಕ್ಲಾಸ್ ಆಗಿ ಕೂತಾಗ. ಬಿಡಿಸಿದ ಮೇಲೆ ಎರಡೂ ಅಚ್ಚು ಒಂದೇ ಥರ ಕಾಣುತ್ತವೆ. ಡಿಸ್ಟ್ರಕ್ಟರ್‌ನದೂ ಅದೇ ಹಾಡು. ಒಂದೇ ಸಾಲು ಎರಡು ಸಲ ಬಂದಿದೆಯಲ್ಲ ಎಂದು ತಲೆ ಕೆರೆದುಕೊಂಡರೆ ತಿರುಚಿದ ಹೆಸರಿಗೇ ವಾಪಸ್ ಹೋಗಬೇಕು. ವಿಂಡೋಸ್‌ನ ಮೈಕ್ರೋಸಾಫ್ಟ್ ಕಂಪೈಲರ್ ಕೊಡುವ, ಪ್ರಶ್ನಾರ್ಥಕ ಚಿಹ್ನೆಯಿಂದ ಶುರುವಾಗುವ ಹೆಸರುಗಳಿಗೆ ಸಿ++ಫಿಲ್ಟ್ ಹತ್ತಿರ ಹೋಗಬೇಡಿ. ಅಲ್ಲಿ ಅನ್‌ಡಿನೇಮ್ ಎಂಬ ಬೇರೆ ಟೂಲಿದೆ.

ಸಿ++ಫಿಲ್ಟ್‌ಗೆ ಐದರಲ್ಲಿ ನಾಲ್ಕು. ಒಂದು ಕಳೆದದ್ದು ಆ ಮೌನಕ್ಕೆ. ಜಿಡಿಬಿಗೆ ಈ ಒಂದು ವಿಷಯದಲ್ಲಿ ಮೂರೂವರೆ. ಹೆಸರು ಬಿಡಿಸಿಕೊಡುವ ವೆಬ್ ಪುಟಗಳೂ ಚೆನ್ನಾಗಿಯೇ ಇವೆ, ಆದರೆ ಜುಲೈನಲ್ಲಿ ನಮ್ಮ ಕಡೆ ಬಂದು ಒಂದನ್ನು ತೆರೆದು ನೋಡಿ.

ಹೊಸ ಬಿಲ್ಡ್ ಕಳಿಸಿ ಹತ್ತು ದಿನಕ್ಕೆ ಮತ್ತೆ ಫೋನ್ ಬಂತು, ಈ ಸಲ ಬೇರೆ ತಪ್ಪು. "ಅಕ್ಕಾ, ಹತ್ತು ಅಂತಿದೆ, ಹತ್ತೂ ಎಣಿಸಿದ್ದೀನಿ, ಬರ್ಕೊಳ್ಳಿ" ಎಂದ.