ಮೈನಸ್ ಸೊನ್ನೆ: ಜಾವಾ ದಾರಿಯೋ, ಜಾವಾಸ್ಕ್ರಿಪ್ಟ್ ದಾರಿಯೋ?

ಹೊಸ ಪ್ರೋಗ್ರಾಮಿಂಗ್ ಭಾಷೆ ಕಟ್ಟುತ್ತಿದ್ದರೆ, ಮೈನಸ್ ಸೊನ್ನೆಯನ್ನು ಸೊನ್ನೆಯಿಂದ ಬೇರೆ ಅಂತ ನೋಡಬೇಕೋ ಬೇಡವೋ ಅನ್ನೋದನ್ನು ಮೊದಲೇ ತೀರ್ಮಾನಿಸಿಬಿಡಿ. ಕಂಪ್ಯೂಟರಿನ ದಶಮಾಂಶ ಲೆಕ್ಕಕ್ಕಿರುವ ಐಇಇಇ 754 ಮಾನದಂಡದ ಪ್ರಕಾರ 0.0 ಮತ್ತು -0.0 ಸಮ. ಆದರೆ 1ನ್ನು ಇವುಗಳಿಂದ ಭಾಗಿಸಿದರೆ ಒಂದಕ್ಕೆ ಪ್ಲಸ್ ಅನಂತ, ಇನ್ನೊಂದಕ್ಕೆ ಮೈನಸ್ ಅನಂತ ಬರುತ್ತದೆ, ಹಾಗಾಗಿ ಚಿಹ್ನೆಯನ್ನು ಸುಮ್ನೆ ಬಿಸಾಡುವ ಹಾಗಿಲ್ಲ.

ನಿಜವಾದ ತಲೆನೋವು ಮ್ಯಾಪ್ (ಕೀ ಕೊಟ್ಟರೆ ಅದರ ಜೊತೆ ಇಟ್ಟ ಮೌಲ್ಯ ಕೊಡುವ ಪಟ್ಟಿ) ಕೀಗಳದ್ದು. ಜಾವಾದಲ್ಲಿ == ಇವೆರಡೂ ಸಮ ಅನ್ನುತ್ತದೆ, ದಶಮಾಂಶ ಸಂಖ್ಯೆಯ ವಿಧವಾದ ಡಬಲ್‌ನ ಈಕ್ವಲ್ಸ್ ಮೆಥಡ್ ಸಮ ಅಲ್ಲ ಅನ್ನುತ್ತದೆ, ಹೀಗಾಗಿ ಹ್ಯಾಶ್‌ಮ್ಯಾಪ್‌ನಲ್ಲಿ ಎರಡು ಬೇರೆ ಕೀ ಕೂರುತ್ತವೆ. ಜಾವಾಸ್ಕ್ರಿಪ್ಟ್‌ನ ಮ್ಯಾಪ್ -0 ಕೀಯನ್ನು 0 ಮಾಡಿಕೊಂಡೇ ಇಡುತ್ತದೆ. ವ್ಯತ್ಯಾಸ ಬೇಕಾದವರಿಗೆ ಆಬ್ಜೆಕ್ಟ್.ಈಸ್ ಎಂಬ ಹೋಲಿಕೆ ಇದೆ. ನನ್ನ ಆಯ್ಕೆ ಈ ಜಾವಾಸ್ಕ್ರಿಪ್ಟ್ ದಾರಿಯೇ. ಸಮ ಅಂದ ಮೇಲೆ ಕೀ ಕೂಡ ಒಂದೇ ಆಗಬೇಕು ಅಲ್ವಾ?

ಯಾವುದನ್ನೇ ಆರಿಸಿ, ಕೋಡ್ ವೇಗವಾಗಿಸುವ ಆಪ್ಟಿಮೈಸರ್‌ನಲ್ಲಿ ಎಕ್ಸ್ + 0.0 ಅನ್ನು ಬರೀ ಎಕ್ಸ್ ಮಾಡಬೇಡಿ. -0.0 + 0.0 ಅಂದರೆ 0.0, ಚಿಹ್ನೆ ಬದಲಾಯಿತು. ಹತ್ತಿರದ ಸಂಖ್ಯೆಗೆ ಸರಿಸುವ ಸಾಮಾನ್ಯ ರೌಂಡಿಂಗ್‌ನಲ್ಲಿ ಎಕ್ಸ್ - 0.0 ಆದರೆ ತೊಂದರೆಯಿಲ್ಲ.