ಬೆಂಗಳೂರಿನಲ್ಲಿ ನಿವೇಶನ: ವಸತಿ ವಲಯದ್ದೋ, ಕೃಷಿ ವಲಯದ್ದೋ?

ನಗರದ ಅಂಚಿನಲ್ಲಿ ಒಂದೇ ಅಳತೆಯ ಎರಡು ನಿವೇಶನಗಳ ಬೆಲೆಯಲ್ಲಿ ಭಾರಿ ಅಂತರ ಕಂಡರೆ, ಕ್ರಯಪತ್ರಕ್ಕಿಂತ ಮೊದಲು ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಕ್ಷೆಯನ್ನು ನೋಡಬೇಕು. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಅಡಿಯಲ್ಲಿ ಸಿದ್ಧವಾಗಿ 2007ರಲ್ಲಿ ಅನುಮೋದನೆ ಪಡೆದ ಪರಿಷ್ಕೃತ ಮಹಾಯೋಜನೆ 2015 (2015 ಎಂಬುದು ಅದರ ಗುರಿ ವರ್ಷ), ಯಾವ ಜಮೀನು ಯಾವ ಬಳಕೆಗೆ ಎಂಬುದನ್ನು ಬಣ್ಣಗಳಲ್ಲಿ ಗುರುತಿಸಿದೆ; ಅದರ ನಂತರದ 2031ರ ಮಹಾಯೋಜನೆಯ ಕರಡು ಅಂತಿಮಗೊಳ್ಳಲೇ ಇಲ್ಲ.

ನಕ್ಷೆಯಲ್ಲಿ ಹಳದಿಯಾಗಿರುವ ವಸತಿ ವಲಯದ ಜಾಗ ದುಬಾರಿ. ಆದರೆ ಬಡಾವಣೆಯ ವಿನ್ಯಾಸಕ್ಕೆ ಅನುಮೋದನೆಯಿದ್ದರೆ ಕಟ್ಟಡದ ನಕ್ಷೆಗೆ ಮಂಜೂರಾತಿ, ಬ್ಯಾಂಕ್ ಸಾಲ, ಮುಂದಿನ ಮಾರಾಟ ಎಲ್ಲವೂ ಹೆಚ್ಚು ತೊಡಕಿಲ್ಲದೆ ಸಾಗುತ್ತವೆ. ಕೃಷಿ ವಲಯದ ಅಗ್ಗದ ತುಂಡಿಗೆ ಪಹಣಿ ಸರಿಯಿರಬಹುದು, ಮಾರುವವರೂ ನಿಜವಾದ ಮಾಲೀಕರೇ ಇರಬಹುದು. ಆದರೂ ಅಲ್ಲಿ ಮನೆ ಕಟ್ಟುವ ಹಕ್ಕು ಅದರಿಂದಲೇ ಬರುವುದಿಲ್ಲ. ಮೊದಲು ಮಹಾಯೋಜನೆಯಲ್ಲಿನ ಭೂ ಬಳಕೆಯ ಬದಲಾವಣೆಗೆ ಅನುಮತಿ, ಅನಂತರ ಕಂದಾಯ ದಾಖಲೆಯಲ್ಲಿ ಕೃಷಿ ಜಮೀನನ್ನು ಕೃಷಿಯೇತರವಾಗಿಸುವ ಪರಿವರ್ತನೆ (ಕನ್ವರ್ಷನ್), ಆಮೇಲೆ ವಿನ್ಯಾಸದ ಅನುಮೋದನೆ ಬೇಕಾಗುತ್ತದೆ. 'ಕನ್ವರ್ಷನ್ ಆಗೇ ಆಗುತ್ತೆ ಸಾರ್' ಎಂಬ ದಲ್ಲಾಳಿಯ ಭರವಸೆಗೆ ಕಾನೂನಿನ ಬಲವಿಲ್ಲ.

ಹಾಗೆಂದು ಹಳದಿ ಬಣ್ಣವನ್ನೂ ಕಣ್ಣುಮುಚ್ಚಿ ನಂಬಬಾರದು. ಉದ್ದೇಶಿತ ರಸ್ತೆಯ ಗೆರೆಯೋ, ರಾಜಕಾಲುವೆಯ ಬದಿಯಲ್ಲಿ ಖಾಲಿ ಬಿಡಬೇಕಾದ ಮೀಸಲು ಅಂಚೋ ಸರ್ವೆ ನಂಬರಿನ ಮೇಲೆ ಹಾದುಹೋದರೆ ವಸತಿ ವಲಯದಲ್ಲೂ ಕಟ್ಟಲಾಗದು. ನಗರದ ಹೊರವಲಯದಲ್ಲಿ ಉದ್ದೇಶಿಸಿದ್ದ ಪೆರಿಫೆರಲ್ ರಿಂಗ್ ರಸ್ತೆಗೆ ಗುರುತಾದ ಜಮೀನಿನ ಮಾಲೀಕರು ವರ್ಷಗಟ್ಟಲೆ ಅತಂತ್ರರಾಗಿ ಉಳಿದದ್ದನ್ನು ನಗರ ಕಂಡಿದೆ.

ಶೀಘ್ರದಲ್ಲೇ ಮನೆ ಕಟ್ಟುವವರಿಗೆ ವಸತಿ ವಲಯವೇ ಸರಿ. ಕೃಷಿ ವಲಯದ ಜಮೀನನ್ನು ಬೇಸಾಯಕ್ಕೆಂದೇ ಕೊಳ್ಳಬೇಕು.